ವಿದೇಶಿ ಅಂಗಡಿಗಳಿಂದ ಅಂತರ್ಜಾಲದ ಮೂಲಕ ಸ್ಕೂಬಾ ಸಾಧನಗಳ ಖರೀದಿ: ಹಣ ಪಾವತಿ ಕುರಿತು ಸಾರ್ವಜನಿಕರಿಗೆ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಸಮೀಪ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗ್ ನಡೆಯುತ್ತಿದ್ದು, ಕರಾವಳಿ ಹಾಗೂ ಮಲೆನಾಡಿನ ಆಸಕ್ತರು ಇದಕ್ಕೆ ಬೇಕಾದ ಸಾಧನಗಳನ್ನು ವಿದೇಶಿ ಅಂಗಡಿಗಳಿಂದ ಅಂತರ್ಜಾಲದ ಮೂಲಕ ತರಿಸಿಕೊಳ್ಳುವುದುಂಟು. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಂತಹ ಊರಿನಲ್ಲಿರುವವರಿಗೆ ಸಾಧನವನ್ನು ಕೈಯಲ್ಲಿ ಹಿಡಿದು ನೋಡುವ ಮೊದಲೇ ಪೂರ್ಣ ಹಣ ಪಾವತಿಸಬೇಕಾಗುತ್ತದೆ. ಆದುದರಿಂದ ಹಣ ಪಾವತಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ನೀಡಲಾಗಿದೆ.

1. ತರಿಸಬಹುದಾದ ಮತ್ತು ತರಿಸಲಾಗದ ಸಾಧನಗಳು

ಮಾಸ್ಕ್, ಫಿನ್ಸ್, ಉಸಿರಾಟದ ರೆಗ್ಯುಲೇಟರ್, ಡೈವ್ ಕಂಪ್ಯೂಟರ್ ಮುಂತಾದವುಗಳನ್ನು ಸ್ವಂತ ಬಳಕೆಗಾಗಿ ಸುಂಕ ಪಾವತಿಸಿ ತರಿಸಿಕೊಳ್ಳಬಹುದು. ಸ್ವಂತ ಬಳಕೆಯ ಆಮದಿಗೆ ಆಮದು-ರಫ್ತು ಸಂಕೇತ ಸಂಖ್ಯೆಯ ಅವಶ್ಯಕತೆ ಇರುವುದಿಲ್ಲ. ಮಾರಾಟಕ್ಕಾಗಿ ಅಥವಾ ಸಂಸ್ಥೆಯ ಉಪಯೋಗಕ್ಕಾಗಿ ತರಿಸುವುದು ಸ್ವಂತ ಬಳಕೆ ಎನಿಸುವುದಿಲ್ಲ.

ಸಂಪೀಡಿತ ಗಾಳಿಯ ಸಿಲಿಂಡರಿನ ವಿಷಯ ಬೇರೆ. ಗ್ಯಾಸ್ ಸಿಲಿಂಡರ್ ನಿಯಮಗಳು, 2016ರ ಅನ್ವಯ ಸಿಲಿಂಡರುಗಳ ಆಮದಿಗೆ ಪರವಾನಗಿ ಅಗತ್ಯ. ಇದರ ಆಡಳಿತವನ್ನು ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯು ನಿರ್ವಹಿಸುತ್ತದೆ. ಪರವಾನಗಿ ಇಲ್ಲದೆ ಸಿಲಿಂಡರಿಗೆ ಹಣ ಪಾವತಿಸಿದಲ್ಲಿ ವಸ್ತುವೂ ದೊರೆಯದೆ, ಹಣವೂ ಮರಳದೆ ಹೋಗುವ ಸಂಭವವಿದೆ. ಡೈವಿಂಗ್ ಕೇಂದ್ರಗಳಲ್ಲಿ ಸಿಲಿಂಡರ್ ಬಾಡಿಗೆಗೆ ದೊರೆಯುವುದರಿಂದ ಅದನ್ನು ಖರೀದಿ ಪಟ್ಟಿಯಿಂದ ಕೈಬಿಡುವುದು ಸೂಕ್ತ.

2. ಒಟ್ಟು ವೆಚ್ಚದ ಲೆಕ್ಕ

ಅಂಗಡಿಯು ತೋರಿಸುವ ಬೆಲೆಯೇ ಅಂತಿಮ ವೆಚ್ಚವಲ್ಲ. ಅದಕ್ಕೆ ಈ ಕೆಳಗಿನವು ಸೇರುತ್ತವೆ:

ಅ) ರವಾನೆ ಹಾಗೂ ವಿಮಾ ವೆಚ್ಚ.
ಆ) ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ. ಇದು ಅನೇಕ ಕಾರ್ಡುಗಳಲ್ಲಿ ಮೊತ್ತದ ಶೇ. 2ರಿಂದ 3.5ರಷ್ಟಿದ್ದು, ಶುಲ್ಕದ ಮೇಲೆ ಜಿಎಸ್‌ಟಿ ಪ್ರತ್ಯೇಕ.
ಇ) ಸೀಮಾಸುಂಕ, ಅನ್ವಯಿಸುವ ಮೇಲ್ತೆರಿಗೆ ಮತ್ತು ಸಮಗ್ರ ಸರಕು ಹಾಗೂ ಸೇವಾ ತೆರಿಗೆ.

ಸುಂಕವನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲದೆ ರವಾನೆ ಮತ್ತು ವಿಮಾ ವೆಚ್ಚ ಸೇರಿದ ಮೌಲ್ಯದ ಮೇಲೆ ವಿಧಿಸಲಾಗುವುದು. ಸರಕು ಮತ್ತು ಸೇವಾ ತೆರಿಗೆಯನ್ನು ಆ ಮೌಲ್ಯಕ್ಕೆ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ ಲೆಕ್ಕ ಹಾಕಲಾಗುವುದು. ಲೆಕ್ಕದ ಅನುಕೂಲಕ್ಕಾಗಿ ಸುಂಕ ಶೇ. 10, ತೆರಿಗೆ ಶೇ. 18 ಎಂದು ಭಾವಿಸಿದಲ್ಲಿ, ರೂ. 30,000 ಮೌಲ್ಯದ ರೆಗ್ಯುಲೇಟರಿಗೆ ಸುಂಕ ರೂ. 3,000, ರೂ. 33,000ದ ಮೇಲೆ ತೆರಿಗೆ ರೂ. 5,940, ಒಟ್ಟು ಹೆಚ್ಚುವರಿ ರೂ. 8,940. ಆಯವ್ಯಯದಲ್ಲಿ ದರಗಳು ಬದಲಾಗುವುದರಿಂದ ಖರೀದಿಯ ದಿನ ಜಾರಿಯಲ್ಲಿರುವ ದರವನ್ನು ಪರಿಶೀಲಿಸತಕ್ಕದ್ದು.

ಪಾವತಿಯ ವೇಳೆ ಅಂಗಡಿಯು ರೂಪಾಯಿಯಲ್ಲಿಯೇ ಮೊತ್ತ ತೋರಿಸಿದಲ್ಲಿ ಅದರಲ್ಲಿ ಪ್ರತ್ಯೇಕ ವಿನಿಮಯ ಶುಲ್ಕ ಅಡಗಿರಬಹುದು. ಎರಡೂ ಮೊತ್ತಗಳನ್ನು ಹೋಲಿಸಿ ನೋಡುವುದು ಉತ್ತಮ.

3. ಪಾವತಿಯ ವಿಧಾನ

ದೇಶದೊಳಗಿನ ಬಳಕೆಗೆ ಮಾತ್ರ ಸೀಮಿತವಾದ ಎ.ಟಿ.ಎಂ. ಕಾರ್ಡುಗಳು ವಿದೇಶಿ ಅಂಗಡಿಗಳಲ್ಲಿ ನಡೆಯುವುದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ 2020ರ ಜನವರಿಯ ಸುತ್ತೋಲೆಯ ನಂತರ, ಹೊಸ ಕಾರ್ಡುಗಳಲ್ಲಿ ಅಂತರ್ಜಾಲ ಹಾಗೂ ಅಂತರರಾಷ್ಟ್ರೀಯ ಬಳಕೆಯನ್ನು ಗ್ರಾಹಕರೇ ಚಾಲನೆಗೊಳಿಸಬೇಕಾಗಿರುತ್ತದೆ. ಖರೀದಿಗೆ ಬೇಕಾದಷ್ಟೇ ಮಿತಿ ನಿಗದಿಪಡಿಸಿ, ಪಾವತಿಯ ನಂತರ ಸೌಲಭ್ಯವನ್ನು ನಿಲ್ಲಿಸುವುದು ಕ್ಷೇಮಕರ. ಒಟಿಪಿ ಕೇಳದೆಯೇ ಹಣ ಪಡೆಯುವ ವಿದೇಶಿ ಅಂಗಡಿಗಳು ಇರುವುದರಿಂದ ಈ ಎಚ್ಚರಿಕೆ ಅವಶ್ಯಕ.

ಕಾರ್ಡಿನ ಮೂಲಕ ಪಾವತಿಸಿದಲ್ಲಿ, ವಸ್ತು ಬಾರದಿದ್ದಾಗ ಬ್ಯಾಂಕಿನಲ್ಲಿ ತಕರಾರು ಸಲ್ಲಿಸಿ ಹಣ ವಾಪಸು ಕೋರಲು ಅವಕಾಶವಿದೆ. ಇದಕ್ಕೆ ಕಾಲಮಿತಿ ಇರುತ್ತದೆ. ಅಪರಿಚಿತರ ಖಾತೆಗೆ ನೇರವಾಗಿ ಕಳುಹಿಸಿದ ಹಣವನ್ನು ಹಿಂಪಡೆಯುವುದು ಬಹಳ ಕಷ್ಟ. ವೆಸ್ಟರ್ನ್ ಯೂನಿಯನ್‌ನಂತಹ ಹಣ ವರ್ಗಾವಣೆ ಸೇವೆಗಳ ಮೂಲಕ ವಿದೇಶದಿಂದ ಭಾರತಕ್ಕೆ ಹಣ ತರಿಸಬಹುದೇ ಹೊರತು, ಅದೇ ಯೋಜನೆಯಡಿ ಭಾರತದಿಂದ ಹೊರಕ್ಕೆ ಕಳುಹಿಸಲು ಅವಕಾಶವಿಲ್ಲ. ಅಂತಹ ಪಾವತಿಗೆ ಒತ್ತಾಯಿಸುವ ಅಂಗಡಿಯೊಂದಿಗೆ ವ್ಯವಹರಿಸಬಾರದು.

4. ವಸ್ತು ತಲುಪುವ ಕ್ರಮ

ವಿಳಾಸದಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲೆ, ಪಿನ್ ಸಂಖ್ಯೆ (ಧರ್ಮಸ್ಥಳಕ್ಕೆ 574216) ಮತ್ತು ದೂರವಾಣಿ ಸಂಖ್ಯೆಯನ್ನು ನಮೂದಿಸತಕ್ಕದ್ದು. ಕೊರಿಯರ್ ಮೂಲಕ ಬರುವ ವಸ್ತುವಿನ ಬಿಡುಗಡೆಗೆ ಗುರುತಿನ ದಾಖಲೆ ಕೇಳಲಾಗುವುದರಿಂದ ಹೆಸರು ಆ ದಾಖಲೆಯಲ್ಲಿರುವಂತೆಯೇ ಇರಬೇಕು. ಅಂಚೆ ಮೂಲಕ ಬಂದಲ್ಲಿ, ವಿಧಿಸಿದ ಸುಂಕವನ್ನು ವಸ್ತು ಪಡೆಯುವಾಗ ಅಂಚೆ ಇಲಾಖೆಗೆ ಪಾವತಿಸಿ ರಸೀದಿ ಪಡೆಯತಕ್ಕದ್ದು.

ಸುಂಕ ಉಳಿಸಲು ಬೆಲೆ ಕಡಿಮೆ ಬರೆಯುವಂತೆ ಅಥವಾ ಉಡುಗೊರೆ ಎಂದು ನಮೂದಿಸುವಂತೆ ಅಂಗಡಿಯನ್ನು ಕೋರಬಾರದು. 2019ರ ಡಿಸೆಂಬರಿನಲ್ಲಿ ಉಡುಗೊರೆಯ ಹೆಸರಿನ ಸುಂಕರಹಿತ ಆಮದನ್ನು ರಾಖಿ ಮತ್ತು ಜೀವರಕ್ಷಕ ಔಷಧಿಗಳ ಹೊರತು ನಿಲ್ಲಿಸಲಾಗಿದೆ. ತಪ್ಪು ಘೋಷಣೆಯಾದಲ್ಲಿ ಸೀಮಾಸುಂಕ ಅಧಿನಿಯಮ, 1962ರಡಿ ವಸ್ತುವಿನ ಮುಟ್ಟುಗೋಲು ಹಾಗೂ ದಂಡಕ್ಕೆ ಅವಕಾಶವಿದೆ.

5. ವಂಚನೆಯ ಬಗ್ಗೆ ಎಚ್ಚರಿಕೆ

"ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ತಡೆಹಿಡಿಯಲ್ಪಟ್ಟಿದೆ, ಕೂಡಲೇ ಹಣ ಕಳುಹಿಸಿ" ಎಂದು ಖಾಸಗಿ ಖಾತೆಯ ಸಂಖ್ಯೆ ನೀಡುವ ಕರೆಗಳು ವಂಚನೆಯ ಕರೆಗಳು. ಸೀಮಾಸುಂಕ ಇಲಾಖೆಯು ಖಾಸಗಿ ಖಾತೆಗೆ ಸುಂಕ ಪಾವತಿಸುವಂತೆ ಕೇಳುವುದಿಲ್ಲ. ಹಣ ಕಳೆದುಕೊಂಡವರು ತಕ್ಷಣ ತಮ್ಮ ಬ್ಯಾಂಕಿಗೆ ಮತ್ತು 1930 ಸಹಾಯವಾಣಿಗೆ ತಿಳಿಸತಕ್ಕದ್ದು. ಬ್ಯಾಂಕಿನಿಂದ 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು.

6. ಕಾಯ್ದಿರಿಸಬೇಕಾದ ದಾಖಲೆಗಳು

ಅಂಗಡಿಯ ಬಿಲ್ಲು, ಪಾವತಿಯ ವಿವರ, ರವಾನೆ ಸಂಖ್ಯೆ, ಸುಂಕದ ರಸೀದಿ ಮತ್ತು ಪತ್ರವ್ಯವಹಾರದ ಪ್ರತಿಗಳನ್ನು ಕಾಯ್ದಿರಿಸಿಕೊಳ್ಳತಕ್ಕದ್ದು. ಅಂಗಡಿಯು ತಯಾರಕರ ಅಧಿಕೃತ ಮಾರಾಟಗಾರನೇ, ವಾರಂಟಿಯು ಭಾರತದಲ್ಲಿ ಅನ್ವಯಿಸುವುದೇ ಎಂಬುದನ್ನು ಪಾವತಿಗೆ ಮೊದಲೇ ಲಿಖಿತವಾಗಿ ಕೇಳಿ ಪಡೆಯಬೇಕು. ನೀರಿನಡಿಯಲ್ಲಿ ಉಸಿರು ರೆಗ್ಯುಲೇಟರನ್ನೇ ಅವಲಂಬಿಸಿರುವುದರಿಂದ, ನಕಲಿ ಸಾಧನದಿಂದ ಹಣದ ನಷ್ಟವಲ್ಲದೆ ಪ್ರಾಣಾಪಾಯವೂ ಉಂಟಾಗಬಹುದು. ತರಿಸಿದ ಸಾಧನವನ್ನು ತರಬೇತಿ ಪಡೆದ ತಂತ್ರಜ್ಞರಿಂದ ಪರೀಕ್ಷಿಸಿದ ನಂತರವೇ ನೀರಿಗೆ ಇಳಿಯಲು ಬಳಸತಕ್ಕದ್ದು.