ಲೋಡಿಂಗ್ ಪರದೆ ಸರಿಯುವುದೇ? ಹಂಪಿ ಕೇಳುವ ಪ್ರಶ್ನೆ

ವಿಡಿಯೊ ಗೇಮ್ ಆಡುವ ಮಕ್ಕಳಿರುವ ಮನೆಗಳಿಗೆ ಆ ದೃಶ್ಯ ಹೊಸದಲ್ಲ. ಪರದೆ ಕಪ್ಪಾಗುತ್ತದೆ, ಮೂಲೆಯಲ್ಲೊಂದು ಚಕ್ರ ತಿರುಗತೊಡಗುತ್ತದೆ, 'ಲೋಡಿಂಗ್' ಎಂಬ ಪದ ಮಿನುಗುತ್ತದೆ. ಆಟಗಾರ ಕಾಯುತ್ತಾನೆ. ಇಂದಿನ ಪ್ರಬಲ ಯಂತ್ರಗಳು ಈ ಕಾಯುವಿಕೆಯನ್ನು ಸಂಪೂರ್ಣವಾಗಿ ಅಳಿಸಿಹಾಕಬಲ್ಲವೇ? ಇದು ಮಕ್ಕಳಾಟದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಪಾಳುಬಿದ್ದ ನಗರಗಳನ್ನು ಕಂಪ್ಯೂಟರಿನಲ್ಲಿ ಮರಳಿ ಕಟ್ಟಲು ಬಳಕೆಯಾಗುತ್ತಿರುವುದೂ ಇದೇ ತಂತ್ರಜ್ಞಾನ. ಹಾಗೆ ಕಟ್ಟಬಹುದಾದ ನಗರಗಳಲ್ಲಿ ಹಂಪಿಯೂ ಒಂದು.

'ಓಪನ್ ವರ್ಲ್ಡ್' ಆಟವೆಂದರೆ ಗೋಡೆಗಳಿಲ್ಲದ ಲೋಕ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳನ್ನು ಒಳಗೊಂಡ ಅಂಥದೊಂದು ಆಟವನ್ನು ಕಲ್ಪಿಸಿಕೊಳ್ಳೋಣ. ಹಂಪಿಯ ವಿಶ್ವ ಪರಂಪರೆಯ ಪ್ರದೇಶವೊಂದೇ ಸುಮಾರು 42 ಚದರ ಕಿಲೊಮೀಟರ್. ಅದರಲ್ಲಿನ ಪ್ರತಿಯೊಂದು ಬಂಡೆ, ಕಂಬ, ಬಾಳೆತೋಟ, ಸಂಡೂರಿನ ಕೆಂಪು ಬೆಟ್ಟಗಳ ಸಾಲು, ಇವೆಲ್ಲವನ್ನೂ ಯಂತ್ರದ ಮೆಮೊರಿ ಏಕಕಾಲಕ್ಕೆ ಹಿಡಿದಿಡಲಾರದು. ಆಟಗಾರನ ಸುತ್ತಲಿನ ಭಾಗವನ್ನಷ್ಟೇ ತಂದು, ಅವನು ದಾಟಿಹೋದದ್ದನ್ನು ಕೈಬಿಡಬೇಕಾಗುತ್ತದೆ.

ಈ ಭಾಗದ ಜನರಿಗೆ ಇದನ್ನು ತಿಳಿಸುವುದು ಸುಲಭ. ತುಂಗಭದ್ರಾ ಜಲಾಶಯದಲ್ಲಿ ಎಷ್ಟೇ ನೀರಿರಲಿ, ಕಂಪ್ಲಿಯ ಗದ್ದೆಗೆ ಅದು ಒದಗುವುದು ಕಾಲುವೆಯಲ್ಲಿ ಹರಿದುಬಂದ ಮೇಲೆಯೇ. ಜಲಾಶಯವೆಂದರೆ ಡಿಸ್ಕ್, ಕಾಲುವೆಯೆಂದರೆ ಅದರ ವೇಗ, ಗದ್ದೆಯೆಂದರೆ ಮೆಮೊರಿ. ಲೋಡಿಂಗ್ ಪರದೆಯೆಂದರೆ ನೀರು ಬರುವವರೆಗೆ ರೈತ ಬದುವಿನ ಮೇಲೆ ಕುಳಿತು ಕಾಯುವ ಹೊತ್ತು.

ಹಳೆಯ ಕಾಲುವೆ ಬಹಳ ಕಿರಿದಾಗಿತ್ತು. 2013ರಲ್ಲಿ ಬಂದ ಪ್ಲೇಸ್ಟೇಷನ್ 4ರ ಹಾರ್ಡ್ ಡಿಸ್ಕ್ ಸೆಕೆಂಡಿಗೆ 50ರಿಂದ 100 ಮೆಗಾಬೈಟ್ ಮಾತ್ರ ಓದಬಲ್ಲದಾಗಿತ್ತು. ಒಂದು ಗಿಗಾಬೈಟ್ ತರಲು ಹತ್ತಿಪ್ಪತ್ತು ಸೆಕೆಂಡು ಬೇಕು. ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಅತ್ತಿತ್ತ ಚಲಿಸುವ ವಿಳಂಬ ಬೇರೆ. ಆ ಓಡಾಟವನ್ನು ತಗ್ಗಿಸಲು ಒಂದೇ ವಸ್ತುವಿನ ದತ್ತಾಂಶವನ್ನು ಡಿಸ್ಕಿನ ಅನೇಕ ಕಡೆ ನಕಲು ಮಾಡಿಡುತ್ತಿದ್ದರು. 'ಸ್ಪೈಡರ್‌ಮ್ಯಾನ್' ಆಟದಲ್ಲಿ ಕೆಲವು ವಸ್ತುಗಳು 400 ಬಾರಿ ನಕಲಾಗಿದ್ದವೆಂದು ಪ್ಲೇಸ್ಟೇಷನ್ 5ರ ಮುಖ್ಯ ವಿನ್ಯಾಸಕ ಮಾರ್ಕ್ ಸೆರ್ನಿ 2020ರಲ್ಲಿ ವಿವರಿಸಿದ್ದರು. ಅದೇ ವರ್ಷ ಬಂದ ಪ್ಲೇಸ್ಟೇಷನ್ 5ರಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅದರ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಗಿಗಾಬೈಟ್ ಓದುತ್ತದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ವೇಗ 2.4 ಗಿಗಾಬೈಟ್. ಕುಗ್ಗಿಸಿಟ್ಟ ದತ್ತಾಂಶವನ್ನು ಬಿಚ್ಚಲು ಎರಡರಲ್ಲೂ ಪ್ರತ್ಯೇಕ ಯಂತ್ರಾಂಗವಿದೆ.

ಪರಿಣಾಮ ಕಣ್ಣಿಗೆ ಕಾಣುವಂಥದು. ಹೊಯ್ಸಳರ ಪರಂಪರೆ ಮತ್ತು ಪಶ್ಚಿಮ ಘಟ್ಟವನ್ನು ಕಥಾವಸ್ತುವಾಗಿಸಿಕೊಂಡ ಅಮೆರಿಕದ ಆಟ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' 2017ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂತು. ಘಟ್ಟದ ವಿಶಾಲ ಬಯಲಿನಲ್ಲಿ ಜೀಪು ಓಡಿಸುತ್ತ ಪಾಳು ಗೋಪುರಗಳನ್ನು ಹುಡುಕುವ ಅಧ್ಯಾಯ ಅದರಲ್ಲಿದೆ. 2022ರಲ್ಲಿ ಅದೇ ಆಟ ಪ್ಲೇಸ್ಟೇಷನ್ 5ಕ್ಕೆ ಬಂದಾಗ ಆರಂಭದ ಕಾಯುವಿಕೆ ಹೆಚ್ಚುಕಡಿಮೆ ಮಾಯವಾಗಿತ್ತು. ಕರ್ನಾಟಕದ ಕಾಡು ಹಿಂದಿನದೇ. ಕಾಲುವೆ ಮಾತ್ರ ಅಗಲವಾಗಿತ್ತು.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಮುಖ್ಯ ಕಾಲುವೆ ಎಷ್ಟೇ ದೊಡ್ಡದಾದರೂ ಉಪಕಾಲುವೆಯಲ್ಲಿ ಹೂಳು ತುಂಬಿದ್ದರೆ ಗದ್ದೆ ಒಣಗಿಯೇ ಇರುತ್ತದೆ. 'ಜಿಟಿಎ ಆನ್‌ಲೈನ್' ಇದಕ್ಕೆ ಒಳ್ಳೆಯ ನಿದರ್ಶನ. ಕಂಪ್ಯೂಟರಿನಲ್ಲಿ ಅದು ತೆರೆದುಕೊಳ್ಳಲು ಹಲವರಿಗೆ ಆರು ನಿಮಿಷ ಹಿಡಿಯುತ್ತಿತ್ತು. 2021ರಲ್ಲಿ ಹೊರಗಿನ ಪ್ರೋಗ್ರಾಮರ್ ಒಬ್ಬರು ಕಾರಣ ಹುಡುಕಿದರು: ಸುಮಾರು 63 ಸಾವಿರ ಸರಕುಗಳ ಪಟ್ಟಿಯನ್ನು ತಂತ್ರಾಂಶ ಅತ್ಯಂತ ಅದಕ್ಷ ರೀತಿಯಲ್ಲಿ ಓದುತ್ತಿತ್ತು. ಅದನ್ನು ಸರಿಪಡಿಸಿದಾಗ ಅವರ ಯಂತ್ರದಲ್ಲಿ ಕಾಯುವ ಸಮಯ ಶೇ 70ರಷ್ಟು ಇಳಿಯಿತು. ಕಂಪನಿ ಆ ತಿದ್ದುಪಡಿಯನ್ನು ಒಪ್ಪಿಕೊಂಡು ಅವರಿಗೆ 10 ಸಾವಿರ ಡಾಲರ್ ಬಹುಮಾನ ನೀಡಿತು. ಹೊಸ ಯಂತ್ರಾಂಶ ಒಂದೂ ಬೇಕಾಗಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಎಸ್‌ಎಸ್‌ಡಿ ಕಡ್ಡಾಯವೆಂದು ಸಾರಿ 2023ರಲ್ಲಿ ಬಂದ 'ಸ್ಟಾರ್‌ಫೀಲ್ಡ್' ಆಟದಲ್ಲಿ ಲೋಡಿಂಗ್ ಪರದೆಗಳು ಅತಿಯಾದವೆಂಬ ಟೀಕೆ ಕೇಳಿಬಂತು. ಇನ್ನೊಂದೆಡೆ, 2020ರ 'ಘೋಸ್ಟ್ ಆಫ್ ತ್ಸುಶಿಮಾ' ಹಳೆಯ ಪ್ಲೇಸ್ಟೇಷನ್ 4ರಲ್ಲಿಯೇ ಎಷ್ಟು ಬೇಗ ತೆರೆದುಕೊಳ್ಳುತ್ತಿತ್ತೆಂದರೆ, ಪರದೆಯ ಮೇಲಿನ ಸಲಹೆಗಳನ್ನು ಓದಲು ಅವಕಾಶವಿರಲೆಂದು ಅದನ್ನು ಬೇಕೆಂದೇ ನಿಧಾನಗೊಳಿಸಬೇಕಾಯಿತು.

ಅಂದರೆ ಯಂತ್ರದ ಬಲಕ್ಕಿಂತ ವಿನ್ಯಾಸದ ವಿವೇಕ ಹೆಚ್ಚಿನದು. ಇಲ್ಲಿಯೂ ಹಂಪಿ ಪಾಠ ಹೇಳುತ್ತದೆ. ವಿಜಯನಗರದ ಕೋಟೆಯ ಭೀಮನ ಬಾಗಿಲನ್ನು ಹೊಕ್ಕವರಿಗೆ ದಾರಿ ನೇರವಾಗಿ ಸಾಗುವುದಿಲ್ಲ, ತಿರುವು ತೆಗೆದುಕೊಳ್ಳುತ್ತದೆ. ಶತ್ರುವಿನ ವೇಗವನ್ನು ಮುರಿಯಲು ಕಟ್ಟಿದ ವ್ಯವಸ್ಥೆಯದು. ಆಟಗಳ ವಿನ್ಯಾಸಕರು ಬಹುಕಾಲ ಬಳಸಿದ್ದೂ ಇದೇ ಉಪಾಯವನ್ನು: ಅಂಕುಡೊಂಕಾದ ಓಣಿ, ನಿಧಾನವಾಗಿ ಏರುವ ಲಿಫ್ಟ್, ನುಸುಳಿಕೊಂಡು ಸಾಗಬೇಕಾದ ಬಿರುಕು. ಮುಂದಿನ ನೋಟ ಮರೆಯಾಗಿರುವಾಗ ಯಂತ್ರ ಸದ್ದಿಲ್ಲದೆ ಅದನ್ನು ತಂದಿರಿಸುತ್ತದೆ. ಮತಂಗ ಪರ್ವತದ ಶಿಖರದಲ್ಲಾದರೋ ಮರೆಯೇ ಇಲ್ಲ; ವಿರೂಪಾಕ್ಷ ಗೋಪುರ, ಅಚ್ಯುತರಾಯನ ಗುಡಿ, ನದಿ ಎಲ್ಲವೂ ಒಮ್ಮೆಗೇ ಕಾಣುತ್ತವೆ. ಅಲ್ಲಿ ದೂರದ್ದನ್ನು ಸ್ಥೂಲವಾಗಿ, ಹತ್ತಿರದ್ದನ್ನು ಸೂಕ್ಷ್ಮವಾಗಿ ಚಿತ್ರಿಸುವ ಜಾಣ್ಮೆ ಬೇಕು. ಪ್ರಯಾಣಿಕನ ವೇಗವೂ ಮುಖ್ಯ. ನಡೆಯುವವನು ನಿಮಿಷಕ್ಕೆ ಎಂಬತ್ತು ಮೀಟರ್ ಸಾಗಿದರೆ, ಗಂಟೆಗೆ 60 ಕಿಲೊಮೀಟರ್ ವೇಗದ ಜೀಪು ಒಂದು ಕಿಲೊಮೀಟರ್ ಸಾಗುತ್ತದೆ. ಡಿಸ್ಕಿನ ಮೇಲಿನ ಹೊರೆ ಹನ್ನೆರಡು ಪಟ್ಟು ಏರುತ್ತದೆ. ವೇಗದ ಯಂತ್ರ ಬಂದೊಡನೆ ವಿನ್ಯಾಸಕರು ಇನ್ನೂ ಸೂಕ್ಷ್ಮ ಚಿತ್ರ, ಇನ್ನೂ ವಿಶಾಲ ಲೋಕ ಬಯಸುತ್ತಾರೆ. ಉಳಿಸಿದ ಸೆಕೆಂಡುಗಳನ್ನು ಆಸೆಯೇ ನುಂಗಿಹಾಕುತ್ತದೆ.

ಇದರಲ್ಲಿ ನಮಗೇನು ಎಂದು ಓದುಗರು ಕೇಳಬಹುದು. ಹಂಪಿಯನ್ನು ಡಿಜಿಟಲ್ ರೂಪದಲ್ಲಿ ದಾಖಲಿಸುವ ಯತ್ನಗಳು ಆಗಲೇ ನಡೆದಿವೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯೊಂದು ಹಂಪಿಯನ್ನೇ ಕೇಂದ್ರವಾಗಿರಿಸಿಕೊಂಡಿತ್ತು. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿರುವ ಕಲಾಧಾಮದಲ್ಲಿ 'ಪ್ಲೇಸ್ ಹಂಪಿ' ಎಂಬ ಪ್ರದರ್ಶಿಕೆ ಸ್ಥಾಪನೆಗೊಂಡಿತು. ಅದು ನೋಡುಗನನ್ನು ಆಯ್ದ ಸ್ಥಳಗಳಲ್ಲಿ ನಿಲ್ಲಿಸಿ ಸುತ್ತಲಿನ ದೃಶ್ಯ ತೋರಿಸುತ್ತದೆ. ಒಂದು ಸ್ಥಳದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ನಡೆದುಹೋಗಬಲ್ಲ ಹಂಪಿ ಮುಂದಿನ ಹೆಜ್ಜೆ. ಯಂತ್ರಶಕ್ತಿಯ ದೃಷ್ಟಿಯಿಂದ ಅದು ಇಂದು ಅಸಾಧ್ಯವಲ್ಲ.

ಆದರೆ ಅದು ಯಾರ ಯಂತ್ರದಲ್ಲಿ ಓಡಬೇಕು? ದುಬಾರಿ ಎಸ್‌ಎಸ್‌ಡಿ, ಧಾರಾಳ ಮೆಮೊರಿ ಇರುವ ಕಂಪ್ಯೂಟರಿಗೆಂದೇ ಕಟ್ಟಿದ ಹಂಪಿ, ಕಂಪ್ಲಿಯ ಸರ್ಕಾರಿ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವುದೇ ಇಲ್ಲ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿದ್ದನ್ನೂ ನೆನೆಯಬೇಕು. ಯಂತ್ರಾಂಶ ತಾನಾಗಿಯೇ ಅಗ್ಗವಾಗುತ್ತ ಹೋಗುತ್ತದೆಂಬ ಭರವಸೆ ಇನ್ನು ಸಲ್ಲದು. ಒಬ್ಬರಿಗೆ ಅರೆಕ್ಷಣ, ಇನ್ನೊಬ್ಬರಿಗೆ ಅಂತ್ಯವಿಲ್ಲದ ಚಕ್ರ ಎಂದಾದರೆ ಲೋಡಿಂಗ್ ಪರದೆ ಅಳಿದಂತಾಗುವುದಿಲ್ಲ. ಅದು ಬಡವನ ಮನೆಗೆ ವರ್ಗವಾದಂತಾಗುತ್ತದೆ.

ಆದ್ದರಿಂದ ಸಾರ್ವಜನಿಕ ಹಣದಿಂದ ಡಿಜಿಟಲ್ ಹಂಪಿ ರೂಪುಗೊಳ್ಳುವುದಾದರೆ ಅದರ ಅಳತೆಗೋಲು ಅತ್ಯಂತ ವೇಗದ ಯಂತ್ರವಾಗಬಾರದು. ತಾಲ್ಲೂಕಿನ ಸಾಧಾರಣ ಶಾಲೆಯ ಯಂತ್ರವಾಗಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವಿದ್ವಾಂಸರೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಯುವಕರೂ ಕೂಡಿ ಕೈಹಾಕಬಹುದಾದ ಕೆಲಸವಿದು. ವಿಜಯನಗರದ ಕಾಲದ ತುರ್ತಾ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಅದನ್ನು ಕಟ್ಟಿದವರ ಬಳಿ ದೊಡ್ಡ ಯಂತ್ರಗಳಿರಲಿಲ್ಲ. ನೆಲದ ಇಳಿಜಾರನ್ನು ಅರಿತ ಲೆಕ್ಕಾಚಾರವಿತ್ತು.