ಡಬ್ಬಿಯೊಳಗಿನ ಕಹಳೆ

ದಟ್ಟವಾದ ಮಂಜು ಕವಿದು ದೀಪದ ಬೆಳಕು ನಾಲ್ಕು ಮಾರು ಮುಂದಕ್ಕೂ ಹಾಯದಂತಾದಾಗ ನಾವಿಕನಿಗೆ ಉಳಿಯುವ ಆಸರೆ ಧ್ವನಿಯೊಂದೇ. ಹಡಗುಗಳ ಡಿಕ್ಕಿಯನ್ನು ತಡೆಯಲೆಂದು 1972ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ನಿಯಮಾವಳಿಯು, 12 ಮೀಟರು ಮತ್ತು ಅದಕ್ಕೂ ಮಿಕ್ಕ ಉದ್ದದ ನೌಕೆಗಳೆಲ್ಲವೂ ನಿಗದಿತ ಶಕ್ತಿಯ ಸೀಟಿಯನ್ನು ಹೊಂದಿರತಕ್ಕುದೆಂದು ವಿಧಿಸಿ, ಅದಕ್ಕಿಂತ ಚಿಕ್ಕವಾದ ದೋಣಿಗಳಿಗೆ ಆ ನಿರ್ಬಂಧವನ್ನು ಸಡಿಲಿಸಿದರೂ, ಪರಿಣಾಮಕಾರಿಯಾದ ಧ್ವನಿಸಾಧನವೊಂದು ಅವುಗಳಲ್ಲಿಯೂ ಇರಲೇಬೇಕೆಂದು ಹೇಳುತ್ತದೆ. ಅಂಥ ದೋಣಿಗಳವರು ಈ ಕೆಲಸಕ್ಕೆಂದು ಕೊಳ್ಳುವ ಸಾಧನಗಳಲ್ಲಿ ಕೈಯಲ್ಲಿ ಹಿಡಿಯುವ ಏರ್ ಹಾರ್ನ್ ಒಂದು: ಅನಿಲ ತುಂಬಿದ ಡಬ್ಬಿ, ಅದರ ನೆತ್ತಿಯ ಮೇಲೊಂದು ಪ್ಲಾಸ್ಟಿಕ್ ಕಹಳೆ. (ಇದರ ದಾಯಾದಿಯಾದ ಲಾರಿಗಳ ಬಹುಸ್ವರದ ಹಾರ್ನು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನಿಷೇಧವನ್ನು ಲೆಕ್ಕಿಸದೆ ನಮ್ಮ ಹೆದ್ದಾರಿಗಳಲ್ಲಿ ಮೊಳಗುತ್ತಿರುವುದರಿಂದ, ಅದರ ಪರಿಚಯವನ್ನು ಓದುಗರಿಗೆ ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ.)

ಗುಂಡಿಯನ್ನೊತ್ತಿದೊಡನೆ ಅನಿಲವು ಕಹಳೆಯ ಗಂಟಲನ್ನು ಮುಚ್ಚಿಕೊಂಡಿರುವ ತೆಳುವಾದ ಪೊರೆಯ ಮೇಲೆ ನುಗ್ಗುತ್ತದೆ. ಕುದಿಯುವ ಅನ್ನದ ತಪ್ಪಲೆಯ ಮುಚ್ಚಳದಂತೆ ಆ ಪೊರೆಯು ಎದ್ದು ಅನಿಲಕ್ಕೆ ದಾರಿಬಿಟ್ಟು, ಒತ್ತಡ ಇಳಿದೊಡನೆ ಮತ್ತೆ ಕೂತುಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಏಳುಬೀಳಿನ ಕಂಪನವನ್ನು ಬಾಯಿ ಅಗಲವಾದ ಕಹಳೆಯು ಹೊರಗಿನ ವಾಯುವಿಗೆ ಹೆಚ್ಚು ವ್ಯರ್ಥವಾಗದಂತೆ ಒಪ್ಪಿಸುತ್ತದೆ.

ಗುಟ್ಟೆಲ್ಲ ಇರುವುದು ಡಬ್ಬಿಯಲ್ಲಿ. ಅದರೊಳಗೆ ಸಾಧಾರಣವಾಗಿ ಒತ್ತಡದಿಂದ ದ್ರವೀಕೃತವಾದ ಅನಿಲವಿರುತ್ತದೆ. ಅನೇಕ ಡಬ್ಬಿಗಳಲ್ಲಿ ಬಳಕೆಯಾಗಿರುವ ಆರ್-134ಎ ಎಂಬ ಹೈಡ್ರೋಫ್ಲೋರೋಕಾರ್ಬನ್ನಿನ ಆವಿಯು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ವಾಯುಮಂಡಲದ ಒತ್ತಡದ ಐದೂವರೆ ಪಟ್ಟಿಗೂ ಮಿಕ್ಕ ಒತ್ತಡವನ್ನು ಬೀರಿದರೆ, 0 ಡಿಗ್ರಿಯಲ್ಲಿ ಅದು ಮೂರು ಪಟ್ಟಿಗಿಂತಲೂ ಕೆಳಕ್ಕಿಳಿಯುತ್ತದೆ. ಎಂದರೆ ಶೀತಲವಾದ ಮಂಜಿನ ಮುಂಜಾವಿನಲ್ಲಿ, ಬೇಕೇಬೇಕಾದ ಹೊತ್ತಿನಲ್ಲಿಯೇ, ಹಾರ್ನಿನ ಗಂಟಲು ಕಟ್ಟುತ್ತದೆ. ಸಾಲದ್ದಕ್ಕೆ, ದ್ರವವು ಆವಿಯಾಗಲು ಬೇಕಾದ ಗುಪ್ತೋಷ್ಣವನ್ನು ತನ್ನಿಂದಲೇ ಸೆಳೆದುಕೊಳ್ಳುವುದರಿಂದ ಊದಿದಷ್ಟೂ ಡಬ್ಬಿ ತಣ್ಣಗಾಗಿ ಸ್ವರ ಕುಗ್ಗುತ್ತದೆ. ಉಷ್ಣತೆ ಒಂದೇ ತೆರನಾಗಿದ್ದರೆ, ದ್ರವದ ಕೊನೆಯ ತೊಟ್ಟು ಆವಿಯಾಗುವ ಪರ್ಯಂತ ಒತ್ತಡವು ಬದಲಾಗದಾದ್ದರಿಂದ, ಊದಿ ನೋಡಿ ಉಳಿದದ್ದೆಷ್ಟೆಂದು ತಿಳಿಯಲಾಗದು. ಹೊಸ ಡಬ್ಬಿಯ ತೂಕವನ್ನು ಬರೆದಿಟ್ಟುಕೊಂಡು ಆಗಾಗ ತೂಗಿ ನೋಡುವುದೇ ದಾರಿ. ಕೆಲವು ಡಬ್ಬಿಗಳಲ್ಲಿರುವ ಪ್ರೋಪೇನ್, ಬ್ಯೂಟೇನ್‌ಗಳು ದಹನಶೀಲವಾದವು. ಅವನ್ನು ಎಂಜಿನ್ನಿನ ಬಳಿ ಇಡುವುದು ಅವಿವೇಕ.

ಡಬ್ಬಿಯ ಮೇಲೆ ಅಚ್ಚಾದ ಡೆಸಿಬೆಲ್ ಸಂಖ್ಯೆಗೆ ಮರುಳಾಗುವವರೇ ಹೆಚ್ಚು. ಎಷ್ಟು ದೂರದಲ್ಲಿ ಅಳೆದದ್ದೆಂಬುದನ್ನು ಹೇಳದ ಸಂಖ್ಯೆ ಏನನ್ನೂ ಹೇಳಿದಂತಲ್ಲ. ದೂರ ಇಮ್ಮಡಿಯಾದಂತೆ ಧ್ವನಿಯ ಮಟ್ಟ 6 ಡೆಸಿಬೆಲ್ ಇಳಿಯುವುದರಿಂದ, ಒಂದು ಮೀಟರಿನಲ್ಲಿ 120 ಇದ್ದದ್ದು ಒಂದು ಕಿಲೋಮೀಟರಿನಲ್ಲಿ 60ಕ್ಕೆ, ಎಂದರೆ ಮಾತುಕತೆಯ ಮಟ್ಟಕ್ಕೆ, ಬಂದುಬಿಡುತ್ತದೆ. ಇದಿರಿನ ಹಡಗಿನಲ್ಲಿ ಯಂತ್ರ ಗದ್ದರಿಸುತ್ತಿದ್ದರೆ ಅದೂ ಕೇಳಿಸದು. 20 ಮೀಟರಿಗಿಂತ ಚಿಕ್ಕ ನೌಕೆಯ ಸೀಟಿಗೆ ನಿಯಮಾವಳಿಯು ಹೇಳುವ ಶ್ರವಣವ್ಯಾಪ್ತಿಯೂ ಅರ್ಧ ನಾಟಿಕಲ್ ಮೈಲು ಮಾತ್ರ. ಕೀರಲು ಸ್ವರವನ್ನು ವಾಯು ಬೇಗ ಹೀರುತ್ತದೆ; ಮಂದ್ರಸ್ವರವು ದೂರ ಸಾಗುತ್ತದೆ.

ಮಂಜು ಶಬ್ದವನ್ನು ನುಂಗುವುದೆಂಬ ನಂಬಿಕೆ ಮಾತ್ರ ನಿರಾಧಾರವಾದದ್ದು. 1873ರಲ್ಲಿ ಇಂಗ್ಲೆಂಡಿನ ಡೋವರ್ ಸಮೀಪದ ಸೌತ್ ಫೋರ್ಲೆಂಡಿನಲ್ಲಿ ಕಹಳೆ, ಸೈರನ್, ಫಿರಂಗಿಗಳನ್ನು ಮೊಳಗಿಸಿ ಪರೀಕ್ಷಿಸಿದ ಭೌತವಿಜ್ಞಾನಿ ಜಾನ್ ಟಿಂಡಲ್, ನಿಚ್ಚಳವಾದ ಬಿಸಿಲಿನ ದಿನದಲ್ಲಿ ಅಡಗಿಹೋದ ಧ್ವನಿಯು ದಟ್ಟ ಮಂಜಿನಲ್ಲಿ ಚೆನ್ನಾಗಿ ಕೇಳಿಬಂದುದನ್ನು ಕಂಡನು. ಗಾಳಿಗೆ ಇದಿರಾಗಿ ಸಾಗುವ ಶಬ್ದವು ಮೇಲಕ್ಕೆ ಬಾಗಿ ಕೇಳುಗನ ತಲೆಯ ಮೇಲೆ ಹಾದುಹೋಗುವುದೂ ಉಂಟು.

ಮಂಜಿನಲ್ಲಿ ಚಲಿಸುವ ಯಂತ್ರನೌಕೆಯು ಎರಡು ನಿಮಿಷಕ್ಕೊಮ್ಮೆಯಾದರೂ ನಾಲ್ಕರಿಂದ ಆರು ಸೆಕೆಂಡುಗಳ ದೀರ್ಘನಾದ ಮಾಡಬೇಕು; ಚಿಕ್ಕ ದೋಣಿಗೆ ಅದೇ ನಾದದ ಕಟ್ಟಳೆಯಿಲ್ಲದಿದ್ದರೂ ಅಷ್ಟೇ ಅಂತರದಲ್ಲಿ ಯಾವುದಾದರೊಂದು ಸಂಕೇತವನ್ನು ಅದು ಕೊಡಲೇಬೇಕು. ಈ ದೀರ್ಘನಾದವನ್ನೇ ಪಾಲಿಸಿದರೆ ಗಂಟೆಗೆ ಎರಡು ಮೂರು ನಿಮಿಷಗಳ ಊದಾಟವಾಗಿ, ಪುಟ್ಟ ಡಬ್ಬಿ ಬಹಳ ಹೊತ್ತು ತಾಳದು. ಆದಕಾರಣ ಸೈಕಲ್ ಪಂಪಿನಿಂದ ಗಾಳಿ ತುಂಬಬಹುದಾದುದನ್ನೇ ನಾನು ಮೇಲೆನ್ನುವೆನು. ಡಬ್ಬಿಯದನ್ನೇ ಕೊಂಡರೂ ಬಾಯಿಂದ ಊದುವ ಕಹಳೆಯೊಂದು ಜೊತೆಗಿರಲಿ. ಊದುವಾಗ ಕಿವಿಗಳಿಂದ ತೋಳುದ್ದ ದೂರದಲ್ಲಿ, ಡಬ್ಬಿಯನ್ನು ನೆಟ್ಟಗೆ ಹಿಡಿಯತಕ್ಕದ್ದು. ಬುಡಮೇಲಾದರೆ ಆವಿಯ ಬದಲು ದ್ರವವೇ ಪೊರೆಗೆ ನುಗ್ಗಿ ಸ್ವರ ಒಡೆಯುತ್ತದೆ.