ಆಟಿಕೆ ಕಾರಿನ ತಗಡಿನ ಕೆಳಗೆ

ಬ್ರಿಟನ್ನಿನ ದಕ್ಷಿಣ ವೇಲ್ಸ್‌ನಲ್ಲಿರುವ ಬಾರ್ಗೋಡ್, ಕಲ್ಲಿದ್ದಲ ಕಣಿವೆಯ ಒಂದು ಪುಟ್ಟ ಪಟ್ಟಣ. 1949ರ ಜುಲೈ ತಿಂಗಳಲ್ಲಿ ಆಸ್ಟಿನ್ ಮೋಟಾರು ಕಂಪನಿಯ ಕಾರ್ಖಾನೆಯೊಂದು ಅಲ್ಲಿ ಬಾಗಿಲು ತೆರೆಯಿತು. ಅಲ್ಲಿ ತಯಾರಾಗುತ್ತಿದ್ದುದು ಮಕ್ಕಳು ಕಾಲಿನಿಂದ ತುಳಿದು ಓಡಿಸುವ ಕಾರುಗಳು. ತಯಾರಿಸುತ್ತಿದ್ದವರು ಶ್ವಾಸಕೋಶದಲ್ಲಿ ಗಣಿಯ ದೂಳು ತುಂಬಿಕೊಂಡು ಕೆಲಸ ಕಳೆದುಕೊಂಡಿದ್ದ ಕಾರ್ಮಿಕರು. 1971ರವರೆಗೆ ‘ಜೆ40’ ಎಂಬ ಹೆಸರಿನ 32 ಸಾವಿರಕ್ಕೂ ಹೆಚ್ಚು ಕಾರುಗಳು ಅವರ ಕೈಯಿಂದ ಹೊರಬಂದವು. ಹಳೆಯ ಆಟಿಕೆಗಳ ಜೀರ್ಣೋದ್ಧಾರದಲ್ಲಿ ತೊಡಗಿದವರ ನಡುವೆ ಇಂದು ಈ ಕಾರಿಗೆ ಬಹು ಬೇಡಿಕೆ. ಸುಸ್ಥಿತಿಯಲ್ಲಿರುವ ಒಂದಕ್ಕೆ ಹಲವು ಸಾವಿರ ಪೌಂಡ್ ಬೆಲೆಯಿದೆ. ಆದರೆ ಇಲ್ಲಿ ನಿಜಕ್ಕೂ ಉದ್ಧಾರವಾಗಬೇಕಾದದ್ದು ಯಾವುದು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನ್ಯೂಮೋಕೋನಿಯೋಸಿಸ್ ಎಂಬ ಈ ಕಾಯಿಲೆಗೆ ಕಲ್ಲಿದ್ದಲ ಕಾರ್ಮಿಕರೆಲ್ಲರೂ ಪರಿಹಾರ ಪಡೆಯಬಹುದು ಎಂಬ ನಿಯಮ ಬ್ರಿಟನ್ನಿನಲ್ಲಿ 1943ರಲ್ಲಿ ಬಂತು. ಅದರ ಜೊತೆಗೇ ಇನ್ನೊಂದು ಕಟ್ಟಳೆಯೂ ಇತ್ತು: ಕಾಯಿಲೆ ಇದೆಯೆಂದು ವೈದ್ಯರು ದೃಢೀಕರಿಸಿದವನು ಗಣಿಯ ಕೆಲಸ ಬಿಡಬೇಕು. ಗಣಿಯ ಹೊರತು ಬೇರೇನೂ ಇಲ್ಲದ ಆ ಕಣಿವೆಗಳಲ್ಲಿ ಪರಿಹಾರವೂ ನಿರುದ್ಯೋಗವೂ ಒಂದೇ ಕಾಗದದಲ್ಲಿ ಬಂದಂತಾಯಿತು. ಅಂಥವರಿಗೆ ಹಗುರವಾದ ಕೆಲಸ ಒದಗಿಸಲೆಂದು ಸರ್ಕಾರದ ಹಣಕಾಸಿನ ನೆರವಿನಿಂದ ಎದ್ದದ್ದು ಬಾರ್ಗೋಡ್ ಕಾರ್ಖಾನೆ. ಆಗ ಆಸ್ಟಿನ್ ಕಂಪನಿಯ ಚುಕ್ಕಾಣಿ ಹಿಡಿದಿದ್ದವರು ಲಿಯೊನಾರ್ಡ್ ಲಾರ್ಡ್. ಲಾಭ ಅದರ ಉದ್ದೇಶವಾಗಿರಲಿಲ್ಲ.

ಕನ್ನಡಿಗರಿಗೆ ಈ ದೂಳಿನ ಕಥೆ ಪರಕೀಯವೇನಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ವ್ಯಾಪಕವಾಗಿತ್ತೆಂಬುದನ್ನು 1940ರ ದಶಕದಲ್ಲಿಯೇ ವೈದ್ಯರು ದಾಖಲಿಸಿದ್ದಾರೆ. ಆ ಗಣಿಗಳು 2001ರಲ್ಲಿ ಮುಚ್ಚಿದವು. ಉಸಿರು ಕಳೆದುಕೊಂಡವರಿಗಾಗಿ ಅಲ್ಲಿ ಆಟಿಕೆಯ ಕಾರ್ಖಾನೆಯೊಂದು ಎದ್ದದ್ದನ್ನು ನಾನಂತೂ ಕೇಳಿಲ್ಲ.

ಇನ್ನು ಕಾರಿನ ವಿಷಯ. ಆಗ ರಸ್ತೆಯ ಮೇಲೆ ಓಡುತ್ತಿದ್ದ ಆಸ್ಟಿನ್ ಎ40 ಕಾರಿನ ಹೋಲಿಕೆಯಲ್ಲಿ ರೂಪಿಸಿದ, ಸುಮಾರು 5 ಅಡಿ ಉದ್ದದ ಉಕ್ಕಿನ ಕಾರು ಅದು. ಬರ್ಮಿಂಗ್‌ಹ್ಯಾಮ್ ಬಳಿಯ ಲಾಂಗ್‌ಬ್ರಿಜ್ ಕಾರ್ಖಾನೆಯಲ್ಲಿ ದೊಡ್ಡ ಕಾರುಗಳಿಗೆ ತಗಡು ಕತ್ತರಿಸಿದಾಗ ಉಳಿದ ಚೂರುಗಳೇ ಅದರ ಮೂಲದ್ರವ್ಯ. ಬಾನೆಟ್ ಎತ್ತಿದರೆ ಒಳಗೊಂದು ಹುಸಿ ಎಂಜಿನ್. ಹಿಂದೆ ತೆರೆಯುವ ಡಿಕ್ಕಿ. ಬ್ಯಾಟರಿಯಿಂದ ಉರಿಯುವ ದೀಪ, ಕೂಗುವ ಹಾರ್ನ್, ಗಾಳಿ ತುಂಬುವ ಟೈರು. ಇಂದು ಕಡಲೆಕಾಯಿ ಸಿಪ್ಪೆಯಷ್ಟು ಹಗುರವಾದ ಪ್ಲಾಸ್ಟಿಕ್ ಕಾರುಗಳನ್ನು ನೋಡಿದವರಿಗೆ ಇದನ್ನು ಎತ್ತಲು ಹೋದಾಗಲೇ ಅದರ ಘನತೆ ತಿಳಿಯುತ್ತದೆ.

ಉದ್ಯೋಗನಿಮಿತ್ತ ಕೆಲವು ವರ್ಷ ಕಾರ್ಡಿಫ್‌ನಲ್ಲಿದ್ದಾಗ, ನಿವೃತ್ತ ಮೆಕ್ಯಾನಿಕ್ ಆಗಿದ್ದ ನೆರೆಮನೆಯ ಹಿರಿಯರೊಬ್ಬರೊಂದಿಗೆ ಇಂತಹ ಒಂದು ಕಾರಿನ ದುರಸ್ತಿಗೆ ನಾನೂ ಕೈಜೋಡಿಸಿದ್ದೆ. ಬಿಡುವಿನ ಶನಿವಾರಗಳೆಲ್ಲ ಅದಕ್ಕೇ ಮೀಸಲು. ಬಿಚ್ಚುವುದೇ ಅರ್ಧ ಕೆಲಸ. ತುಕ್ಕು ಹಿಡಿದ ಬೋಲ್ಟನ್ನು ಬಲವಂತ ಮಾಡಿದರೆ ತಗಡೇ ಹರಿದುಬರುತ್ತದೆ. ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಮೆಲ್ಲನೆ ತಿರುಗಿಸಬೇಕು. ನೀರು ನಿಂತು ತೂತಾದ ತಳಕ್ಕೆ ಹೊಸ ತಗಡಿನ ತೇಪೆಯ ವೆಲ್ಡಿಂಗ್. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎನ್ನುವ, ನೆಗ್ಗುಗಳನ್ನು ತಟ್ಟಿ ಸಮಮಾಡುವ ಕೆಲಸವನ್ನು ಅವರು ನನ್ನ ಕೈಗೆ ಕೊಡಲೇ ಇಲ್ಲ. ತೆಳು ತಗಡನ್ನು ಹೆಚ್ಚು ಬಡಿದರೆ ಅದು ಹಿಗ್ಗುತ್ತದೆ, ಹಿಗ್ಗಿದ್ದು ಮರಳಿ ಕೂರುವುದು ಕಷ್ಟ ಎಂಬುದು ಅವರು ಹೇಳಿದ ಕಾರಣ.

ಹಳೆಯ ಬಣ್ಣ ತೆಗೆಯುವಾಗ ಮಾತ್ರ ಅವರು ಬಹಳ ಕಟ್ಟುನಿಟ್ಟು. ಆ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಂಭವವಿರುವುದರಿಂದ ಒಣಗಿದ್ದನ್ನು ಉಜ್ಜುವಂತಿಲ್ಲ. ನೀರು ಹಾಕಿಯೇ ಉಪ್ಪುಕಾಗದ ಹಿಡಿಯಬೇಕು, ಮೂಗಿಗೆ ಮಾಸ್ಕ್ ಇರಲೇಬೇಕು. ಕಲ್ಲಿದ್ದಲ ಗಣಿಯಲ್ಲಿದ್ದ ತಂದೆಯ ಕೆಮ್ಮನ್ನು ಕೇಳುತ್ತಾ ಬೆಳೆದವರು ಅವರು. ಒಮ್ಮೆ ಸೆಖೆಗೆ ನಾನು ಮಾಸ್ಕ್ ಸರಿಸಿದಾಗ ಕೆಲಸವನ್ನೇ ನಿಲ್ಲಿಸಿ ಚಹಾ ಮಾಡಲು ಒಳಗೆ ಹೋದರು.

ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಬಂದದ್ದು ಎಷ್ಟರಮಟ್ಟಿಗೆ ಹೊಸದು ಮಾಡಬೇಕು ಎಂಬಲ್ಲಿ. ಜೆ40ರ ಬಹುತೇಕ ಬಿಡಿಭಾಗಗಳು ಇಂದು ಹೊಸದಾಗಿಯೇ ದೊರೆಯುತ್ತವೆ: ಗ್ರಿಲ್, ಬಂಪರ್, ಬಾನೆಟ್ ಮೇಲಿನ ರೆಕ್ಕೆಯ ಲಾಂಛನ ಸಹ. ಹಣವಿದ್ದವರು ಒಂದೊಂದಾಗಿ ಬದಲಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಹೆಸರು ಮಾತ್ರ. ಶಿಲ್ಪದ ಮೇಲೆ ಎಣ್ಣೆಬಣ್ಣ ಬಳಿದು ಅದನ್ನೇ ಜೀರ್ಣೋದ್ಧಾರ ಎನ್ನುವ ನಮ್ಮ ಕೆಲವು ದೇವಸ್ಥಾನ ಸಮಿತಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಹಾಗಾಗಿ ಗೀರುಗಳೊಂದಿಗೇ ಕಾರನ್ನು ಉಳಿಸೋಣ, ತುಕ್ಕು ಹರಡದಂತೆ ತಡೆದರೆ ಸಾಕು ಎಂಬುದು ನನ್ನ ವಾದವಾಗಿತ್ತು. ಅವರು ಒಪ್ಪಲಿಲ್ಲ. ಗಣಿಯಿಂದ ಬಂದವರು ಕಳುಹಿಸಿದ್ದು ಹೊಳೆಯುವ ಕಾರನ್ನು. ತುಕ್ಕಿನಲ್ಲಿ ಅವರ ಕೆಲಸವೇನೂ ಇಲ್ಲ, ಅದು ಆಮೇಲಿನವರ ಅಲಕ್ಷ್ಯ ಎಂದರು. ಈ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿರಲಿಲ್ಲ. ಆದರೂ ಕೈಬೆರಳಿನ ಒತ್ತು ಉಳಿದಿರುವ ಮೂಲ ತಗಡನ್ನು, ತೇಪೆ ಹಾಕಿ ಉಳಿಸಬಹುದಾದಾಗ ಎಸೆಯುವುದನ್ನು ನಾನು ಇಂದಿಗೂ ಒಪ್ಪಲಾರೆ. ಕಡೆಗೆ ಹೊರಮೈಗೆ ಹೊಸ ಬಣ್ಣ ಬಂತು, ಬಂಪರಿಗೆ ಕ್ರೋಮ್ ಲೇಪ ಬಂತು; ಬಾನೆಟ್ಟಿನ ಒಳಮೈ, ಡಿಕ್ಕಿಯ ಒಳಗಿನ ಮೂಲ ಬಣ್ಣ ಇದ್ದಂತೆಯೇ ಉಳಿದವು.

ಇಂಗ್ಲೆಂಡಿನ ಗುಡ್‌ವುಡ್ ರೇಸ್ ಮೈದಾನದಲ್ಲಿ 2012ರಿಂದ ಸೆಟ್ರಿಂಗ್‌ಟನ್ ಕಪ್ ಎಂಬ ಮಕ್ಕಳ ಸ್ಪರ್ಧೆ ನಡೆಯುತ್ತಿದೆ. ಹಳೆಯ ಜೆ40 ಕಾರುಗಳನ್ನೇ ಪುಟಾಣಿಗಳು ಏದುಸಿರು ಬಿಡುತ್ತಾ ತುಳಿಯುತ್ತಾರೆ, ಒಂದಕ್ಕೊಂದು ತಾಗಿಸುತ್ತಾರೆ. ಸಂಗ್ರಹಕಾರರಲ್ಲಿ ಕೆಲವರಿಗೆ ಅದು ಸಂಕಟ. ಗಾಜಿನ ಕಪಾಟಿಗಿಂತ ಆ ನೆಗ್ಗುಗಳೇ ಮೇಲು ಎಂಬುದು ನನ್ನ ಅನಿಸಿಕೆ. ಬಾರ್ಗೋಡ್ ಕಾರ್ಖಾನೆ ಮುಂದೆ ದೊಡ್ಡ ಕಾರುಗಳ ಬಿಡಿಭಾಗಗಳನ್ನು ಒತ್ತುತ್ತಾ 1999ರಲ್ಲಿ ಮುಚ್ಚಿತು. ನಾವು ಕೈಹಾಕಿದ ಕಾರನ್ನು ಹಿರಿಯರ ಮೊಮ್ಮಗಳು ಮೊದಲ ದಿನವೇ ಗೇಟಿಗೆ ಗುದ್ದಿಸಿದಳು. ಟಿಂಕರಿಂಗ್‌ಗೆ ಮತ್ತೊಂದು ಶನಿವಾರ ಸಿಕ್ಕಿತೆಂದು ಅಜ್ಜನಿಗೆ ಖುಷಿಯೇ ಆಯಿತು.